ಸಾರಿನ ತಿಳಿ ಸಾಲದು: ಹದಿಹರೆಯದ ಸಸ್ಯಾಹಾರಿ ಮಕ್ಕಳಿಗೆ ಬಡಿಸುವ ಬಗೆ

ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಮೆಟ್ಟಿಲು ಹತ್ತಿದರೆ ಏದುಸಿರು ಬಿಡತೊಡಗಿದಳು. ಸಂಜೆ ಶಾಲೆಯಿಂದ ಬಂದವಳು ಚೀಲ ಮೂಲೆಗೆಸೆದು ಮಲಗಿಬಿಡುತ್ತಿದ್ದಳು. ರಾತ್ರಿಯೆಲ್ಲ ಮೊಬೈಲ್ ನೋಡಿದರೆ ಇನ್ನೇನಾಗುತ್ತದೆ ಎಂದು ನಾನು ಬೈದದ್ದೂ ಉಂಟು. ಕೊನೆಗೆ ರಕ್ತಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.8. ಆ ವಯಸ್ಸಿನ ಹುಡುಗಿಯರಲ್ಲಿ ಅದು 12ಕ್ಕಿಂತ ಕೆಳಗಿಳಿದರೆ ರಕ್ತಹೀನತೆ ಎಂದೇ ಲೆಕ್ಕ.

"ಮನೆಯಲ್ಲಿ ಏನು ಊಟ ಅಮ್ಮಾ?" ಎಂದು ವೈದ್ಯರು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ: ದಿನವೂ ಬೇಳೆ ಸಾರು, ಅನ್ನ, ಪಲ್ಯ, ಮೊಸರು. ಹೊರಗಿನ ತಿಂಡಿ ಅಪರೂಪ.

"ಸಾರಿಗೆ ಬೇಳೆ ಎಷ್ಟು ಹಾಕುತ್ತೀರಿ? ಅದನ್ನು ಎಷ್ಟು ಜನ ಉಣ್ಣುತ್ತೀರಿ?"

ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ನಾಲ್ಕು ಜನರಿಗೆ ಅರ್ಧ ಪಾವು.

ಮನೆಗೆ ಬಂದು ಆ ಅರ್ಧ ಪಾವು ತೊಗರಿಬೇಳೆಯನ್ನು ತಕ್ಕಡಿಗೆ ಹಾಕಿದೆ. ಸುಮಾರು 100 ಗ್ರಾಂ ತೂಗಿತು. 100 ಗ್ರಾಂ ತೊಗರಿಬೇಳೆಯಲ್ಲಿ ಇರುವ ಪ್ರೊಟೀನ್ 21-22 ಗ್ರಾಂ. ನಾಲ್ವರಿಗೆ ಹಂಚಿದರೆ ತಲೆಗೆ ಐದು ಗ್ರಾಂ ಚಿಲ್ಲರೆ. ಅದೂ ಪಾತ್ರೆಯ ತಳ ಕದಡಿ ಬಡಿಸಿದರೆ ಮಾತ್ರ. ನಮ್ಮ ಮಗಳಿಗೆ ಇಷ್ಟವಾದದ್ದು ಮೇಲಿನ ತಿಳಿ. ಬೇಳೆಯೆಲ್ಲ ತಳದಲ್ಲಿ ಕೂತು ಅವಳಪ್ಪನ ತಟ್ಟೆಗೆ ಹೋಗುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದ ಪ್ರಕಾರ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 43 ಗ್ರಾಂ, 16ರಿಂದ 18ರ ಹುಡುಗನಿಗೆ 55 ಗ್ರಾಂ ಪ್ರೊಟೀನ್ ಬೇಕು. ನಾವು ದಿನವೂ ಬೇಳೆ ತಿನ್ನುತ್ತಿದ್ದೇವೆ ಎಂದುಕೊಂಡಿದ್ದೆವು. ತಿನ್ನುತ್ತಿದ್ದದ್ದು ಬೇಳೆಯ ವಾಸನೆ ಹತ್ತಿದ ಹುಣಸೆ ನೀರನ್ನು.

"ನಾವೆಲ್ಲ ಇದನ್ನೇ ಉಂಡು ಬೆಳೆದವರಲ್ಲವೇ?" ಎಂದು ಅತ್ತೆ ಕೇಳಿದರು. ಇದನ್ನೇ ಅಲ್ಲ ಎನ್ನುವುದೇ ಉತ್ತರ. ಅವರು ಉಂಡದ್ದು ಮುದ್ದೆ, ಹುರುಳಿ ಸಾರು, ಬಸ್ಸಾರು, ಹೊಲದ ಬದುವಿನ ಬೆರಕೆ ಸೊಪ್ಪು, ಹಬ್ಬಕ್ಕೆ ಮಾತ್ರ ಬಿಳಿ ಅನ್ನ. ನಾವು ಹಬ್ಬದ ಅನ್ನವನ್ನು ದಿನದ್ದಾಗಿ ಮಾಡಿಕೊಂಡು ಉಳಿದದ್ದನ್ನು ಹಳ್ಳಿಯಲ್ಲಿ ಬಿಟ್ಟು ಬಂದೆವು. ಅವರ ಕಾಲದಲ್ಲಿ ಯಾರೂ ರಕ್ತಪರೀಕ್ಷೆ ಮಾಡಿಸುತ್ತಿರಲಿಲ್ಲ, ಸುಸ್ತಾದ ಹುಡುಗಿಯನ್ನು ಸೋಮಾರಿ ಎಂದು ಬೈದು ಸುಮ್ಮನಾಗುತ್ತಿದ್ದರು ಎನ್ನುವುದು ಬೇರೆ ಮಾತು.

ಇಲ್ಲಿ ಬರೆದಿರುವುದು ಆಮೇಲಿನ ಎರಡು ವರ್ಷದಲ್ಲಿ ನಮ್ಮ ಅಡುಗೆಮನೆಯಲ್ಲಿ ಬದಲಾದ ಸಂಗತಿಗಳು. ಹೊಸ ಸಾಮಾನು ಬಹಳ ಬೇಕಾಗಲಿಲ್ಲ. ಅಳತೆ ಬದಲಾಯಿತು, ಕೆಲವು ಡಬ್ಬಿಗಳು ಅಟ್ಟದಿಂದ ಕೆಳಗಿಳಿದವು.

ಮೊದಲು ಒಂದು ದಿನ ಅಳೆಯಿರಿ

ಹಬ್ಬ ಹರಿದಿನವಲ್ಲದ ಒಂದು ಸಾಮಾನ್ಯ ದಿನ ಆರಿಸಿಕೊಳ್ಳಿ. ಬೆಳಗಿನಿಂದ ರಾತ್ರಿವರೆಗೆ ಮಗುವಿನ ಹೊಟ್ಟೆಗೆ ಹೋದ ಬೇಳೆ, ಕಾಳು, ಹಾಲು, ಮೊಸರು, ಕಡಲೆಕಾಯಿ ಇಷ್ಟನ್ನು ಮಾತ್ರ ಚೀಟಿಯಲ್ಲಿ ಬರೆಯಿರಿ. ತಕ್ಕಡಿ ಇಲ್ಲದಿದ್ದರೆ ಹಿಡಿ ಲೆಕ್ಕವೇ ಸಾಕು: ದೊಡ್ಡವರ ಕೈಯ ಒಂದು ಹಿಡಿ ಒಣಕಾಳು ಸುಮಾರು 30 ಗ್ರಾಂ, ಅದರಲ್ಲಿ ಪ್ರೊಟೀನ್ ಆರೇಳು ಗ್ರಾಂ. ಕಡಲೆಕಾಯಿ ಬೀಜಕ್ಕೂ ಇದೇ ಲೆಕ್ಕ. ಒಂದು ದೊಡ್ಡ ಲೋಟ ಹಾಲು, ಅಂದರೆ 200 ಎಂಎಲ್, ಆರು ಗ್ರಾಂ ದಾಟುತ್ತದೆ.

ಇನ್ನು ಗುರಿ. ನಮ್ಮ ಮನೆಯಲ್ಲಿ ಈಗ ನಡೆಯುವ ಒಂದು ದಿನ ಹೀಗಿದೆ. ಬೆಳಿಗ್ಗೆ ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ ಬೀಜ ಹಾಕಿದ ಉಪ್ಪಿಟ್ಟು. ಮಧ್ಯಾಹ್ನದ ಡಬ್ಬಿಗೆ ಮೂರು ಚಪಾತಿ, ಹೆಸರುಕಾಳಿನ ಪಲ್ಯ. ಸಂಜೆ ಒಂದು ಹಿಡಿ ಹುರಿಗಡಲೆ, ಒಂದು ಹಣ್ಣು. ರಾತ್ರಿ ಒಂದು ಮುದ್ದೆ, ಹುರುಳಿ ಸಾರು ಕಾಳಿನ ಸಮೇತ, ಒಂದು ಬಟ್ಟಲು ಗಟ್ಟಿ ಮೊಸರು. ಕೂಡಿಸಿದರೆ 60 ಗ್ರಾಂ ಹತ್ತಿರ ಬರುತ್ತದೆ. ಒಂದೆರಡು ತಪ್ಪಿದರೂ 43ಕ್ಕೆ ಮೋಸವಿಲ್ಲ. ಮಾಂಸವಿಲ್ಲದೆ ಪ್ರೊಟೀನ್ ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ ಈ ಚೀಟಿಯನ್ನೇ ತೋರಿಸಿ.

ಧಾನ್ಯದಲ್ಲಿ ಇರುವುದೂ ಪ್ರೊಟೀನೇ, ಆದರೆ ಅದರಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ, ಮೆಥಿಯೋನಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು, ಎರಡೂವರೆ ಪಾಲು ಹಾಲು ಎಂಬುದು ಅದೇ ಸಂಸ್ಥೆ ಕೊಡುವ ಹದ. ಅಂದರೆ ಮೂರು ಪಾವು ಅಕ್ಕಿ ಖರ್ಚಾಗುವ ಮನೆಯಲ್ಲಿ ಒಂದು ಪಾವು ಬೇಳೆಕಾಳು ಖರ್ಚಾಗಬೇಕು. ತಿಂಗಳ ಸಾಮಾನಿನ ಪಟ್ಟಿ ತೆಗೆದು ನೋಡಿ. ನಮ್ಮ ಪಟ್ಟಿಯಲ್ಲಿ 25 ಕೆಜಿ ಅಕ್ಕಿಗೆ ಎರಡು ಕೆಜಿ ಬೇಳೆ ಇತ್ತು.

ಬೇಳೆಯಿಂದ ಕಾಳಿಗೆ

ಸಾರಿಗೆ ಬೇಳೆ ದುಪ್ಪಟ್ಟು ಮಾಡಿದರೆ ಅದು ಸಾರಾಗಿ ಉಳಿಯುವುದಿಲ್ಲ, ತೊವ್ವೆಯಾಗುತ್ತದೆ. ಮಗಳು ಎರಡು ದಿನ ಉಂಡು ಮೂರನೆಯ ದಿನ ತಟ್ಟೆ ಸರಿಸಿದಳು. ಆಗ ಉಪಾಯ ಬದಲಿಸಿದೆ: ಸಾರು ಇದ್ದ ಹಾಗೆಯೇ ಇರಲಿ, ಪಲ್ಯದ ಜಾಗಕ್ಕೆ ಕಾಳು ಬರಲಿ. ಬೀನ್ಸ್ ಪಲ್ಯಕ್ಕೆ ಒಂದು ಹಿಡಿ ನೆನೆಸಿದ ಹೆಸರುಬೇಳೆ, ಹೀರೇಕಾಯಿಗೆ ಕಡಲೆಬೇಳೆ, ಸೊಪ್ಪಿಗೆ ಅಲಸಂದೆ, ಬದನೆಕಾಯಿಗೆ ಅವರೆಕಾಳು. ಡಿಸೆಂಬರ್, ಜನವರಿಯಲ್ಲಿ ಹಳೇ ಮೈಸೂರು ಕಡೆಯವರಿಗೆ ಹೇಳಿಕೊಡುವುದೇನೂ ಬೇಡ. ಸೊಗಡವರೆ ಬಂದ ಮೇಲೆ ಎರಡು ತಿಂಗಳು ಉಪ್ಪಿಟ್ಟಿನಿಂದ ಹಿಡಿದು ಹಿತಕಿದ ಬೇಳೆ ಸಾರಿನವರೆಗೆ ಎಲ್ಲದರಲ್ಲೂ ಅದೇ.

ಈ ವಿಷಯದಲ್ಲಿ ಉತ್ತರ ಕರ್ನಾಟಕದ ತಟ್ಟೆ ನಮ್ಮದಕ್ಕಿಂತ ಎಷ್ಟೋ ವಾಸಿ. ಜೋಳದ ರೊಟ್ಟಿ, ಮಡಕೆ ಕಾಳಿನ ಪಲ್ಯ ಅಥವಾ ಝುಣಕ, ಶೇಂಗಾ ಚಟ್ನಿ ಪುಡಿ, ಗಟ್ಟಿ ಮೊಸರು, ಜೊತೆಗೆ ಹಸಿ ಮೆಂತ್ಯ ಸೊಪ್ಪು, ಈರುಳ್ಳಿ. ಆ ಊಟಕ್ಕೆ ಪೋಷಣಾ ತಜ್ಞರು ಸೇರಿಸಬೇಕಾದದ್ದು ಹೆಚ್ಚೇನೂ ಉಳಿದಿಲ್ಲ. ಅಗಸಿ ಚಟ್ನಿ ಪುಡಿಯೂ ಇದ್ದರೆ ಮೀನು ತಿನ್ನದವರಿಗೆ ಸಿಗದ ಒಮೆಗಾ-3 ಜಾತಿಯ ಕೊಬ್ಬು ಸ್ವಲ್ಪ ಮಟ್ಟಿಗೆ ಸಿಗುತ್ತದೆ. ಧಾರವಾಡದ ಮಕ್ಕಳು ಬೆಂಗಳೂರಿಗೆ ಓದಲು ಬಂದು ಇದನ್ನೆಲ್ಲ ಬಿಟ್ಟು ಫ್ರೈಡ್ ರೈಸಿಗೆ ಅಂಟಿಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹುರುಳಿಗೆ ಒಂದು ಮಾತು ಹೆಚ್ಚು ಹೇಳಬೇಕು. ದನದ ಮೇವು, ಬಡವರ ಕಾಳು ಎಂದು ಅದನ್ನು ಬದಿಗೊತ್ತಿದ್ದೇವೆ. ಪ್ರೊಟೀನ್ ತೊಗರಿಬೇಳೆಯಷ್ಟೇ ಇದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಎರಡರಲ್ಲೂ ತೊಗರಿಬೇಳೆಗಿಂತ ಬಹಳ ಮುಂದು. ಮೊಳಕೆ ಕಟ್ಟಿದರೆ ಇನ್ನೂ ಒಳ್ಳೆಯದು, ಏಕೆಂದರೆ ಕಾಳಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಮೊಳಕೆಯಲ್ಲಿ ಇಳಿಯುತ್ತದೆ, ಸಿ ಜೀವಸತ್ವ ಹುಟ್ಟುತ್ತದೆ.

ಮೊಳಕೆ ಕಟ್ಟುವುದು ಬೇಜಾರಿನ ಕೆಲಸ ಎನ್ನುವವರಿಗೆ ನನ್ನ ಕ್ರಮ: ಶನಿವಾರ ರಾತ್ರಿ ಮಲಗುವ ಮುಂಚೆ ಎರಡು ಪಾವು ಹುರುಳಿ ತೊಳೆದು ಧಾರಾಳ ನೀರಿನಲ್ಲಿ ನೆನೆಹಾಕುತ್ತೇನೆ. ಭಾನುವಾರ ಬೆಳಿಗ್ಗೆ ನೀರು ಪೂರ್ತಿ ಬಸಿದು ಒದ್ದೆ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ ಪಾತ್ರೆಯಲ್ಲಿಟ್ಟು ಮುಚ್ಚುತ್ತೇನೆ. ಹೆಸರುಕಾಳಾದರೆ ಅದೇ ದಿನ ರಾತ್ರಿಗೆ ಬಾಲ ಬಿಡುತ್ತದೆ. ಹುರುಳಿಗೆ ಸೋಮವಾರ ಬೇಕು, ಚಳಿಗಾಲದಲ್ಲಿ ಮಂಗಳವಾರವೂ ಆದೀತು. ಬಟ್ಟೆ ಒಣಗಿದರೆ ನೀರು ಚಿಮುಕಿಸಬೇಕು. ಲೋಳೆಯಾಗಿ ಹುಳಿ ವಾಸನೆ ಬಂದರೆ ನೀರು ಸರಿಯಾಗಿ ಬಸಿದಿಲ್ಲ ಎಂದೇ ಅರ್ಥ, ಅದನ್ನು ಎಸೆಯಿರಿ. ಬಂದ ಮೊಳಕೆಯನ್ನು ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ನಡೆಯುತ್ತದೆ. ಹಸಿಯಾಗಿ ಕೊಡುವ ಚಟ ನನಗಿಲ್ಲ. ಮೊಳಕೆ ಬರುವ ಬೆಚ್ಚಗಿನ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ, ಐದು ನಿಮಿಷ ಹಬೆಯಲ್ಲಿ ಬೇಯಿಸಿಯೇ ಒಗ್ಗರಣೆ ಹಾಕುತ್ತೇನೆ.

ಡಬ್ಬಿ ಹೋಗುವ ಹೊತ್ತು

ಬೆಳಿಗ್ಗೆ ಏಳಕ್ಕೆ ಕೋಚಿಂಗ್, ಒಂಬತ್ತಕ್ಕೆ ಕಾಲೇಜು. ಈ ವಯಸ್ಸಿನವರು ತಪ್ಪಿಸುವ ಮೊದಲ ಊಟ ಬೆಳಗಿನದು. ಕೂತು ತಿನ್ನಲು ಹೊತ್ತಿಲ್ಲದಿದ್ದರೆ ನಿಂತು ಕುಡಿಯುವಂಥದ್ದು ಕೊಡಿ: ರಾಗಿ ಹುರಿಹಿಟ್ಟು ಎರಡು ದೊಡ್ಡ ಚಮಚ, ಬೆಲ್ಲ, ಬೆಚ್ಚಗಿನ ಹಾಲು, ಒಂದು ಬಾಳೆಹಣ್ಣು. ಕುದಿಸುವ ಕೆಲಸವಿಲ್ಲ.

ಡಬ್ಬಿಯದ್ದು ಬೇರೆ ಸಮಸ್ಯೆ. ಚಿತ್ರಾನ್ನ, ಪುಳಿಯೋಗರೆ, ಟೊಮೆಟೊ ಬಾತ್, ವಾಂಗಿಬಾತ್: ನಾಲ್ಕು ಹೆಸರು, ನಾಲ್ಕು ಬಣ್ಣ, ಒಳಗಿರುವುದು ಅದೇ ಅನ್ನ. ಚಿತ್ರಾನ್ನ ಬಿಡಿಸಲು ಹೋಗಬೇಡಿ, ಬಿಡುವುದಿಲ್ಲ. ಅಲಂಕಾರಕ್ಕೆ ಹತ್ತು ಕಡಲೆಕಾಯಿ ಬೀಜ ಉದುರಿಸುವ ಬದಲು ತಲೆಗೊಂದು ಹಿಡಿ ಹಾಕಿ. ಬಾತಿಗೆ ನೆನೆಸಿದ ಸೋಯಾ ಉಂಡೆ ಹಾಕಬಹುದು; ಒಣಗಿದ ಉಂಡೆಯಲ್ಲಿ ಅರ್ಧದಷ್ಟು ತೂಕ ಪ್ರೊಟೀನೇ. ಬಿಸಿಬೇಳೆ ಬಾತಿನಲ್ಲಿ ಅಕ್ಕಿ ಮತ್ತು ಬೇಳೆ ಸಮಸಮ ಹಾಕಿದರೆ ಹೆಸರಿಗೂ ನ್ಯಾಯ ಸಿಗುತ್ತದೆ.

ಕೋಸಂಬರಿ ಡಬ್ಬಿಗೆ ಕಟ್ಟಿದರೆ ಮಧ್ಯಾಹ್ನದ ಹೊತ್ತಿಗೆ ನೀರುನೀರಾಗುತ್ತದೆ ಎಂದು ಬಹಳ ಜನ ಬಿಟ್ಟುಬಿಡುತ್ತಾರೆ. ನೀರು ಬಿಡಿಸುವುದು ಉಪ್ಪು. ಅರ್ಧ ಗಂಟೆ ನೆನೆಸಿ ಬಸಿದ ಹೆಸರುಬೇಳೆ, ತಿರುಳು ತೆಗೆದ ಸೌತೆಕಾಯಿ, ಕ್ಯಾರೆಟ್, ತೆಂಗಿನತುರಿ, ಒಗ್ಗರಣೆ ಇಷ್ಟನ್ನು ಕಲಸಿ ಕಟ್ಟಿ. ಉಪ್ಪನ್ನು ಕಾಗದದ ಪೊಟ್ಟಣದಲ್ಲಿ, ನಿಂಬೆ ಹೋಳನ್ನು ಹಾಗೆಯೇ ಇಡಿ. ತಿನ್ನುವಾಗ ಬೆರೆಸಿಕೊಳ್ಳಲಿ. ಗೆಳತಿಯರ ಮುಂದೆ ನಿಂಬೆಹಣ್ಣು ಹಿಂಡಿಕೊಂಡು ತಿನ್ನಲು ಮೊದಮೊದಲು ಮಗಳಿಗೆ ಮುಜುಗರವಾಗುತ್ತಿತ್ತು. ಈಗ ಎರಡು ಹೋಳು ಕೇಳುತ್ತಾಳೆ, ಗೆಳತಿಯರಿಗೂ ಬೇಕಂತೆ.

ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಬಿಸಿಯೂಟದ ಜೊತೆ 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು, 2024ರ ಫೆಬ್ರವರಿಯಿಂದ ರಾಗಿ ಮಾಲ್ಟ್ ಸಿಗುತ್ತಿದೆ. ಮೊಟ್ಟೆ ಕೊಡುವ ದಿನ ತಿನ್ನದವರಿಗೆ ಬಾಳೆಹಣ್ಣು. ಲೆಕ್ಕಕ್ಕೆ ಸರಿ, ಪೋಷಣೆಗೆ ಸರಿಯಲ್ಲ: ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೊಟೀನ್, ಬಾಳೆಹಣ್ಣಿನಲ್ಲಿ ಒಂದು. ಬಾಳೆಹಣ್ಣು ತಿನ್ನುವ ಮಗುವಿನ ಜೇಬಿಗೆ ಆ ದಿನ ಒಂದು ಹಿಡಿ ಹುರಿದ ಕಡಲೆಕಾಯಿ ಹಾಕಿ ಕಳುಹಿಸಿದರೆ ಸಮವಾಗುತ್ತದೆ. ಹತ್ತನೆಯ ತರಗತಿ ಮುಗಿದ ಮೇಲೆ ಈ ಯಾವುದೂ ಇಲ್ಲ. ದೇಹ ಅತಿ ಹೆಚ್ಚು ಕೇಳುವುದು ಪಿಯುಸಿಯ ಆ ಎರಡು ವರ್ಷ.

ಕಬ್ಬಿಣ: ಇದನ್ನು ನಿಧಾನವಾಗಿ ಓದಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ, ಹುಡುಗರಲ್ಲಿ ಶೇ 31ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಇವರೆಲ್ಲ ಸಸ್ಯಾಹಾರಿಗಳಲ್ಲ, ಆದ್ದರಿಂದ ಸೊಪ್ಪು ತಿನ್ನುವವರು ಮಾತ್ರ ಬೈಸಿಕೊಳ್ಳಬೇಕಾಗಿಲ್ಲ. ಆದರೂ ನಮ್ಮ ಕಷ್ಟ ಒಂದು ತೂಕ ಹೆಚ್ಚು. ಸಸ್ಯಗಳಲ್ಲಿರುವ ಕಬ್ಬಿಣವನ್ನು ಕರುಳು ಹೀರಿಕೊಳ್ಳುವುದು ಬಹಳ ಸ್ವಲ್ಪ. ಹದಿನಾಲ್ಕರ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಎಂಬ ದೊಡ್ಡ ಲೆಕ್ಕ ಇಟ್ಟಿರುವುದೂ ಆ ಕಾರಣಕ್ಕೇ.

ಬೀಟ್‌ರೂಟ್ ರಸ ಕುಡಿಸಿದರೆ ರಕ್ತ ಬರುತ್ತದೆ ಎನ್ನುವುದು ಬಣ್ಣ ನೋಡಿ ಹುಟ್ಟಿದ ನಂಬಿಕೆ. 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಬೆಲ್ಲ, ಖರ್ಜೂರದ ಮೇಲೆ ಹೊರಿಸಿರುವ ಭಾರವೂ ಅತಿಯಾಯಿತು, ನಾಲ್ಕು ಖರ್ಜೂರದಿಂದ ರಕ್ತ ತುಂಬುವುದಿಲ್ಲ. ನಿಜವಾಗಿ ಕೆಲಸಕ್ಕೆ ಬರುವವು ಎಳ್ಳು, ಹುರುಳಿ, ಅಲಸಂದೆ, ಕಡಲೆ, ಸಜ್ಜೆ, ಮತ್ತು ಬೇರೆ ಬೇರೆ ಸೊಪ್ಪುಗಳು. ಇವುಗಳಿಗಿಂತ ಮುಖ್ಯವಾದದ್ದು ಇವನ್ನು ಯಾವುದರ ಜೊತೆ ತಿನ್ನುತ್ತೇವೆ ಎಂಬುದು.

ಹುಳಿಯ ಹಣ್ಣು ಜೊತೆಯಲ್ಲಿದ್ದರೆ ಕಬ್ಬಿಣ ಒಳಗೆ ಹೋಗುತ್ತದೆ. ಸೊಪ್ಪಿನ ಪಲ್ಯ ಒಲೆಯಿಂದ ಇಳಿದ ಮೇಲೆ ನಿಂಬೆರಸ ಹಿಂಡಿ. ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ಕಾವಿಗೆ ಹಾಳಾಗುತ್ತದೆ. ಊಟದ ಕೊನೆಗೆ ಅರ್ಧ ಸೀಬೆಹಣ್ಣು, ನಿಮ್ಮೂರಲ್ಲಿ ಪೇರಲ ಎನ್ನುತ್ತೀರೋ ಚೇಪೆ ಎನ್ನುತ್ತೀರೋ, ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವ ಅದರಲ್ಲಿದೆ. ನೆಲ್ಲಿಕಾಯಿ ಸಿಗುವ ಕಾಲದಲ್ಲಿ ದಿನಕ್ಕೊಂದು ಸಾಕು.

ಕಾಫಿ, ಟೀ ಇದರ ಶತ್ರು. ತಿಂಡಿಯ ತಟ್ಟೆ ಒಂದು ಕೈಯಲ್ಲಿ, ಕಾಫಿ ಲೋಟ ಇನ್ನೊಂದು ಕೈಯಲ್ಲಿ ಹಿಡಿಯುವುದು ನಮ್ಮ ಸಂಸ್ಕೃತಿಯೇ ಆಗಿಬಿಟ್ಟಿದೆ. ಅದರಲ್ಲಿನ ಒಗರು ಪದಾರ್ಥ ಕಬ್ಬಿಣವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಊಟ ತಿಂಡಿಗೂ ಕಾಫಿಗೂ ನಡುವೆ ಒಂದು ಗಂಟೆ ಅಂತರವಿರಲಿ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾದ ಬದಲಾವಣೆ ಇದೇ. ಮಗಳದ್ದಲ್ಲ, ಅವಳಪ್ಪನದ್ದು.

ಇನ್ನೊಂದು ಸುಲಭದ ದಾರಿ ಅಟ್ಟದ ಮೇಲಿದೆ. ನಾನ್‌ಸ್ಟಿಕ್ ಬಂದ ಮೇಲೆ ಮೇಲೇರಿಸಿದ ಕಬ್ಬಿಣದ ಬಾಣಲೆ, ಕಬ್ಬಿಣದ ದೋಸೆ ಹೆಂಚು ಕೆಳಗಿಳಿಸಿ. ಹುಣಸೆ, ಟೊಮೆಟೊ ಬಿದ್ದ ಗೊಜ್ಜು ಅದರಲ್ಲಿ ಕುದಿದರೆ ಸ್ವಲ್ಪ ಕಬ್ಬಿಣ ಅಡುಗೆಗೆ ಇಳಿಯುತ್ತದೆ. ಬಣ್ಣ ತುಸು ಕಪ್ಪಾಗುತ್ತದೆ. ಆದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿ, ಇಲ್ಲದಿದ್ದರೆ ಲೋಹದ ರುಚಿ ಹತ್ತಿ ಮಕ್ಕಳು ಮೂಗು ಮುರಿಯುತ್ತಾರೆ.

ಇಷ್ಟು ಹೇಳಿ ಒಂದು ನಿಜ ಹೇಳದೆ ಹೋದರೆ ತಪ್ಪಾಗುತ್ತದೆ. ಇಳಿದ ಹಿಮೋಗ್ಲೋಬಿನ್ನನ್ನು ಊಟದಿಂದ ಮಾತ್ರ ಮೇಲೆತ್ತಲು ಆಗುವುದಿಲ್ಲ. ನಮ್ಮ ಮಗಳಿಗೆ ವೈದ್ಯರು ಮಾತ್ರೆ ಕೊಟ್ಟರು, ಮೂರು ತಿಂಗಳಲ್ಲಿ 11.6ಕ್ಕೆ ಬಂತು. ಅದು ಮಾತ್ರೆಯ ಪುಣ್ಯ. ಮತ್ತೆ ಇಳಿಯದಂತೆ ನೋಡಿಕೊಳ್ಳುವುದು ಊಟದ ಕೆಲಸ. ಮಾತ್ರೆಯನ್ನು ಹಾಲಿನ ಜೊತೆ ನುಂಗಬಾರದು, ನಿಂಬೆ ಶರಬತ್ತಿನ ಜೊತೆ ನುಂಗಬಹುದು. ಮಲ ಕಪ್ಪಾಗುತ್ತದೆ, ಮೊದಲೇ ಹೇಳಿಡಿ, ಇಲ್ಲದಿದ್ದರೆ ಮಕ್ಕಳು ಹೆದರಿ ಯಾರಿಗೂ ಹೇಳದೆ ನಿಲ್ಲಿಸಿಬಿಡುತ್ತಾರೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯೂ ಇದೇ, 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದವರು ಮುಂದಿನ ವಾರ ಅದನ್ನು ಕಾಂಪೌಂಡಿನಾಚೆ ಎಸೆಯುತ್ತಾರೆ. ಊಟವಾದ ಮೇಲೆ ತೆಗೆದುಕೊಂಡರೆ ಆ ಕಷ್ಟ ಕಡಿಮೆ. ವರ್ಷಕ್ಕೆರಡು ಬಾರಿ ಕೊಡುವ ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬೇಡಿ, ಕೊಕ್ಕೆಹುಳು ಕುಡಿಯುವುದು ರಕ್ತವನ್ನೇ. ಮುಟ್ಟಿನ ಸ್ರಾವ ವಿಪರೀತವಿದ್ದರೆ ಎಷ್ಟು ಉಂಡರೂ ಸಾಲುವುದಿಲ್ಲ. ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ಮೂಳೆ ಮತ್ತು ರಾಗಿ

ಈ ವಯಸ್ಸಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ದೊಡ್ಡ ಲೋಟ ಹಾಲು 240 ಹತ್ತಿರ, ಒಂದು ಬಟ್ಟಲು ಮೊಸರು 180, ನಮ್ಮ ಮನೆಯ ಅಳತೆಯ ಒಂದು ಮುದ್ದೆ (80 ಗ್ರಾಂ ಹಿಟ್ಟು) 280ಕ್ಕೂ ಹೆಚ್ಚು. ಒಂದು ದೊಡ್ಡ ಚಮಚ ಎಳ್ಳು, ಒಂದು ಹಿಡಿ ನುಗ್ಗೆ ಸೊಪ್ಪು ಸೇರಿದರೆ ಹೆಚ್ಚುಕಡಿಮೆ ಮುಟ್ಟಿದಂತೆಯೇ. ಪಾಲಕನ್ನು ಇದಕ್ಕೆ ನಂಬಬೇಡಿ, ಅದರಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಬಿಟ್ಟುಕೊಡುವುದಿಲ್ಲ.

ಮುದ್ದೆ ನುಂಗಲು ಬಾರದ ಮಕ್ಕಳಿಗೆ ರಾಗಿ ದೋಸೆ ಮಾಡಿ: ಎರಡು ಬಟ್ಟಲು ಹುಳಿಬಂದ ದೋಸೆ ಹಿಟ್ಟಿಗೆ ಒಂದು ಬಟ್ಟಲು ರಾಗಿ ಹಿಟ್ಟು ಕಲಸಿ ಹದಿನೈದು ನಿಮಿಷ ಬಿಟ್ಟು ತೆಳ್ಳಗೆ ಹುಯ್ಯಿರಿ. ಗರಿಗರಿಯಾಗಿ ಬರುತ್ತದೆ, ಬಣ್ಣ ಮಾತ್ರ ಕಂದು. ಡಿ ಜೀವಸತ್ವಕ್ಕೆ ಬಿಸಿಲೇ ಆಧಾರ, ಆದರೆ ಕೋಚಿಂಗಿನಿಂದ ಕೋಚಿಂಗಿಗೆ ಓಡುವ ಮಕ್ಕಳಿಗೆ ಬಿಸಿಲು ಎಲ್ಲಿದೆ? ಹಾಲಿನ ಪೊಟ್ಟಣದ ಮೇಲೆ "+ಎಫ್" ಗುರುತು ಇದೆಯೇ ನೋಡಿ ಕೊಳ್ಳಿ, ಎ ಮತ್ತು ಡಿ ಜೀವಸತ್ವ ಬೆರೆಸಿದ ಹಾಲಿಗೆ ಹಾಕುವ ಗುರುತು ಅದು.

ಬಿ12ಕ್ಕೆ ಅಡ್ಡದಾರಿ ಇಲ್ಲ

ಯಾವ ಸೊಪ್ಪಿನಲ್ಲೂ ಕಾಳಿನಲ್ಲೂ ಬಿ12 ಇಲ್ಲ. ಹುದುಗು ಬಂದ ಇಡ್ಲಿಯಲ್ಲಿದೆ, ಸ್ಪಿರುಲಿನಾದಲ್ಲಿದೆ ಎಂದು ಹೇಳುವವರನ್ನು ನಂಬಿ ಕೂರಬೇಡಿ. ಮೊಟ್ಟೆ ತಿನ್ನದವರಿಗೆ ಉಳಿದದ್ದು ಹಾಲು, ಮೊಸರು, ಪನೀರ್. ದಿನಕ್ಕೆ ಬೇಕಾದದ್ದು 2.2 ಮೈಕ್ರೋಗ್ರಾಂ, ಹಾಲು ಮೊಸರು ಸೇರಿ ಅರ್ಧ ಲೀಟರಿನಷ್ಟು ಒಳಗೆ ಹೋದರೆ ಅದರ ಹತ್ತಿರ ಬರುತ್ತದೆ. ಕಾಫಿಗೆ ಬೆರೆಸಿದ ಎರಡು ಚಮಚ ಹಾಲು, ಒಂದು ಸೌಟು ಮೊಸರಿಗೆ ಒಂದು ಚೆಂಬು ನೀರು ಹುಯ್ದ ಮಜ್ಜಿಗೆ ಈ ಲೆಕ್ಕಕ್ಕೆ ಬರುವುದಿಲ್ಲ. ಕೈಕಾಲು ಜೋಮು, ನಾಲಗೆ ಉರಿ, ಕಾರಣವಿಲ್ಲದ ಸುಸ್ತು, ಮಂಕು ಕಂಡರೆ ರಕ್ತಪರೀಕ್ಷೆ ಮಾಡಿಸಿ. ಹಾಲನ್ನೂ ಬಿಟ್ಟು ಪೂರ್ತಿ ವೀಗನ್ ಆಗುತ್ತೇನೆ ಎನ್ನುವ ಮಗನೋ ಮಗಳೋ ಇದ್ದರೆ ಜಗಳ ಆಡಬೇಡಿ, ಒಂದೇ ಷರತ್ತು ಹಾಕಿ: ವೈದ್ಯರನ್ನು ಕೇಳಿ ಬಿ12 ಮಾತ್ರೆ ತಪ್ಪದೆ ತೆಗೆದುಕೊಳ್ಳಬೇಕು.

ಜಿಮ್ಮು, ಕನ್ನಡಿ, ಬೇಕರಿ

ಹದಿನಾರರ ಹುಡುಗ ಜಿಮ್ಮಿಗೆ ಸೇರಿದ ಮರುದಿನ ಪ್ರೊಟೀನ್ ಪುಡಿಯ ಡಬ್ಬ ಕೇಳುತ್ತಾನೆ. ಆ ದುಡ್ಡಿಗೆ ತಿಂಗಳಿಡೀ ಮನೆಮಂದಿಗೆಲ್ಲ ಸಾಲುವಷ್ಟು ಕಡಲೆಕಾಯಿ, ಹುರಿಗಡಲೆ, ಹಾಲು ಬರುತ್ತದೆ. ಚೀಟಿಯ ಲೆಕ್ಕ ತೋರಿಸಿ, 55 ಗ್ರಾಂ ಊಟದಲ್ಲೇ ಬರುತ್ತದೆ. ಹುಡುಗಿಯರ ಕಥೆ ಇದಕ್ಕೆ ತಿರುಗುಮುರುಗು. ರಾತ್ರಿ ಊಟ ಬಿಡುವುದು, ಎಲ್ಲರ ಮುಂದೆ ತಿನ್ನಲು ಹಿಂಜರಿಯುವುದು, ಪ್ರತಿ ವಾರ ಒಂದೊಂದು ಪದಾರ್ಥವನ್ನು ತಟ್ಟೆಯಿಂದ ತೆಗೆಯುವುದು, ಮುಟ್ಟು ನಿಲ್ಲುವುದು ಕಂಡರೆ ಅದು ಆಹಾರದ ವಿಷಯವಲ್ಲ, ಮನಸ್ಸಿನದ್ದು. ಬೈಯದೆ ವೈದ್ಯರ ಬಳಿ ಕರೆದೊಯ್ಯಿರಿ. ಮಗಳ ತೂಕದ ಬಗ್ಗೆ ನೆಂಟರ ಮುಂದೆ ತಮಾಷೆ ಮಾಡುವ ಚಿಕ್ಕಪ್ಪಂದಿರ ಬಾಯಿ ಮುಚ್ಚಿಸುವುದೂ ತಾಯಿಯ ಕೆಲಸವೇ.

ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಒಳ್ಳೆಯ ಆಹಾರವಲ್ಲ. ಆಲೂಗಡ್ಡೆ ಚಿಪ್ಸ್, ಖಾರಾ ಬನ್, ಪಫ್ಸ್, ತಂಪು ಪಾನೀಯ ಎಲ್ಲವೂ ಅಪ್ಪಟ ಸಸ್ಯಾಹಾರವೇ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದ್ದು ಹಳೆಯ ಸುದ್ದಿಯಾಯಿತು. ಬಣ್ಣ ಹೋದರೂ ಎಣ್ಣೆ, ಮೈದಾ, ಉಪ್ಪು ಅಲ್ಲೇ ಇವೆ. ಪೂರ್ತಿ ಬೇಡವೆಂದು ಹೇಳಿ ಗೆದ್ದ ತಾಯಿಯನ್ನು ನಾನು ಕಂಡಿಲ್ಲ. ಸಂಜೆ ಐದಕ್ಕೆ ಹಸಿದು ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ಬೇಯಿಸಿದ ಕಡಲೆಕಾಯಿಯನ್ನೋ ಉಸಲಿಯನ್ನೋ ಮೇಜಿನ ಮೇಲಿಟ್ಟರೆ ಬೇಕರಿ ವಾರಕ್ಕೊಮ್ಮೆಗೆ ಇಳಿಯುತ್ತದೆ.

ಬಾಡೂಟದ ಮನೆಯಲ್ಲಿ ಮಗು ಇದ್ದಕ್ಕಿದ್ದಂತೆ "ನಾನಿನ್ನು ತಿನ್ನುವುದಿಲ್ಲ" ಎಂದರೆ ತುಂಡು ಬದಿಗಿಟ್ಟು ಸಾರು ಮಾತ್ರ ಬಡಿಸುವುದು ಪರಿಹಾರವಲ್ಲ. ಮಸಾಲೆ ರುಬ್ಬಿ ಕುದಿಸಿದ ಮೇಲೆ ಮಾಂಸ ಹಾಕುವ ಮುಂಚೆ ಎರಡು ಸೌಟು ಬೇರೆ ತೆಗೆದು, ಬೇಯಿಸಿದ ಅವರೆಕಾಳನ್ನೋ ಸೋಯಾ ಉಂಡೆಯನ್ನೋ ಅದಕ್ಕೆ ಹಾಕಿ ಕುದಿಸಿ. ಒಲೆ ಒಂದೇ, ಅಡುಗೆ ಎರಡು.

ಹಾಸ್ಟೆಲ್ಲಿನ ಮಕ್ಕಳಿಗೆ

ಮೆಸ್ಸಿನ ಸಾರಿನಲ್ಲಿ ಬೇಳೆ ಹುಡುಕುವುದು ಕೆರೆಯಲ್ಲಿ ಉಂಗುರ ಹುಡುಕಿದ ಹಾಗೆ. ಬಡಿಸುವವರಿಗೆ "ಅಣ್ಣಾ, ತಳ ಕದಡಿ ಹಾಕಿ" ಎನ್ನಲು ಕಲಿಸಿ, ಅವರು ಬೇಸರಪಡುವುದಿಲ್ಲ. ಮೊಸರಿನ ಚಿಕ್ಕ ಪೊಟ್ಟಣ ದಿನವೂ ಕೊಳ್ಳಲು ದುಡ್ಡು ಕೊಡಿ. ಊರಿಂದ ಹೋಗುವಾಗ ಚೀಲದಲ್ಲಿ ಚಕ್ಕುಲಿ, ಮಿಕ್ಸ್ಚರಿನ ಜಾಗದಲ್ಲಿ ಹುರಿದ ಕಡಲೆಕಾಯಿ, ಹುರಿಗಡಲೆ, ಎಳ್ಳುಂಡೆ, ರಾಗಿ ಹುರಿಹಿಟ್ಟು ಇರಲಿ. ಚಟ್ನಿ ಪುಡಿಗೆ ನನ್ನ ಅಳತೆ: ಕಡಲೆಕಾಯಿ ಬೀಜ ಎರಡು ಪಾಲು, ಹುರಿಗಡಲೆ ಒಂದು, ಎಳ್ಳು ಅರ್ಧ, ನೆರಳಲ್ಲಿ ಒಣಗಿಸಿದ ನುಗ್ಗೆ ಸೊಪ್ಪು ಮತ್ತು ಕರಿಬೇವು ಒಂದೊಂದು ಹಿಡಿ, ಒಣಮೆಣಸಿನಕಾಯಿ, ಹುಣಸೆ, ಉಪ್ಪು. ಎಲ್ಲವನ್ನೂ ಬೇರೆ ಬೇರೆ ಹುರಿದು ಪೂರ್ತಿ ಆರಿದ ಮೇಲೆ ತರಿಯಾಗಿ ಪುಡಿ ಮಾಡಬೇಕು. ಬಿಸಿಯಲ್ಲಿ ಮಾಡಿದರೆ ಎಣ್ಣೆ ಬಿಟ್ಟು ಉಂಡೆಗಟ್ಟುತ್ತದೆ. ಒಂದು ಡಬ್ಬಿ ಕಳುಹಿಸಿದರೆ ಮೊದಲ ರಾತ್ರಿಯೇ ರೂಮಿನವರೆಲ್ಲ ಸೇರಿ ಮುಗಿಸುತ್ತಾರೆ, ಆದ್ದರಿಂದ ಎರಡು ಕಳುಹಿಸಿ, ಎರಡನೆಯದನ್ನು ಬಟ್ಟೆಯ ಅಡಿಯಲ್ಲಿಡಿ.